ಕೊಡದೆ ಉಳಿದ ಫೋಟೋ

ತ್ರಾಸಿಯ ಹೆದ್ದಾರಿ ಬದಿಯಲ್ಲಿ, ಟಯರ್ ಅಂಗಡಿಗೂ ಬೇಕರಿಗೂ ನಡುವಿನ ಒಂದೂವರೆ ಕೋಣೆಯಲ್ಲಿ ಚಂದ್ರಾವತಿಯ ಸ್ಟುಡಿಯೋ ಇತ್ತು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಇಪ್ಪತ್ತೆರಡು ಶಾಲೆಗಳ ಮಕ್ಕಳ ಫೋಟೋ ತೆಗೆಯುತ್ತಿದ್ದವಳು ಅವಳು. ಆಧಾರ್ ಕಾರ್ಡಿಗೆ, ಬಸ್ ಪಾಸಿಗೆ, ಏಳನೇ ತರಗತಿಯ ಬೀಳ್ಕೊಡುಗೆಗೆ, ಶಾಲಾ ವಾರ್ಷಿಕೋತ್ಸವಕ್ಕೆ ಎಲ್ಲದಕ್ಕೂ ಚಂದ್ರಕ್ಕನೇ ಆಗಬೇಕು. ಒಂದನೇ ತರಗತಿಯಲ್ಲಿ ಅವಳ ಮುಂದೆ ಹೆದರಿ ಅತ್ತವರು ಮದುವೆಗೂ ಅವಳನ್ನೇ ಕರೆದದ್ದುಂಟು.

ಅವಳ ಊರು ಕಿರಿಮಂಜೇಶ್ವರ. ಅಪ್ಪ ದೇವಪ್ಪ ದೇವಸ್ಥಾನದಲ್ಲಿ ನಾಗಸ್ವರ ಊದುತ್ತಿದ್ದವರು. ಅವಳಿಗೆ ಹತ್ತೊಂಬತ್ತು ವರ್ಷವಾಗಿದ್ದಾಗ ತಾಯಿ ಕಾಮಾಲೆಯಿಂದ ತೀರಿಕೊಂಡಳು. ತಮ್ಮ ಚರಣ್‌ಗೆ ಆಗ ಎರಡು ವರ್ಷ. ಸೊಂಟದಲ್ಲಿ ಅವನನ್ನು ಕೂರಿಸಿಕೊಂಡೇ ಚಂದ್ರಾವತಿ ಅಡುಗೆ ಮಾಡಿದಳು, ನೀರು ಸೇದಿದಳು. ಅವನು ಶಾಲೆಗೆ ಹೋಗತೊಡಗಿದ ಮೇಲೆ ಕುಂದಾಪುರದ ಒಂದು ಸ್ಟುಡಿಯೋದಲ್ಲಿ ಕೆಲಸ ಹಿಡಿದಳು. ನೆಗೆಟಿವ್ ಮೇಲೆ ಸಪೂರ ಪೆನ್ಸಿಲಿನಿಂದ ಮೊಡವೆ, ಕಲೆ ತೆಗೆಯುವ ಕೆಲಸ ಅದು. ಆರು ವರ್ಷ ಬೇರೆಯವರ ಮುಖಗಳನ್ನು ಬೆಳಕಿಗೆ ಹಿಡಿದು ನೋಡಿದವಳು, ಮುದುಕರಾದ ಮಾಲೀಕರು ಅಂಗಡಿ ಮುಚ್ಚುವಾಗ ಅವರ ಹಳೆಯ ಕ್ಯಾಮರಾ ತಂದು ತ್ರಾಸಿಯಲ್ಲಿ ಕೂತಳು. ಹೆಂಗಸು ಕ್ಯಾಮರಾ ಹಿಡಿದು ಮದುವೆಮನೆಗೆ ಬಂದರೆ ಮೊದಮೊದಲು ಗಂಡಸರು ನಗುತ್ತಿದ್ದರು. ಮದುಮಗಳ ಕೋಣೆಗೆ ಬಾಗಿಲು ತಟ್ಟಿ ಒಳಗೆ ಹೋಗಬಲ್ಲ ಫೋಟೋಗ್ರಾಫರ್ ಅವಳೊಬ್ಬಳೇ ಎಂದು ಹೆಂಗಸರಿಗೆ ಗೊತ್ತಾದ ಮೇಲೆ ನಗು ನಿಂತಿತು.

ಮದುವೆಯ ಪ್ರಸ್ತಾಪ ಬಂದಾಗಲೆಲ್ಲ ಅವಳು, "ಮಾಣಿ ಸಣ್ಣವ, ಇನ್ನೊಂದ್ ವರ್ಷ ಹೋಯ್ಲಿ" ಅನ್ನುತ್ತಿದ್ದಳು. ಹಾಗೆ ಅನ್ನುತ್ತ ಅನ್ನುತ್ತ ಐವತ್ತು ದಾಟಿತು. ಚರಣ್ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ದುಡಿದ, ಅಲ್ಲೇ ಕಂಪ್ಯೂಟರ್ ಕಲಿತ, ವಾಪಸು ಬಂದ. ಆಲ್ಬಂ ಮಾಡುವುದು, ಡ್ರೋನ್ ಹಾರಿಸುವುದು, ಬಣ್ಣ ತಿದ್ದುವುದು ಎಲ್ಲ ಅವನ ಕೈಗೆ ಬಂತು. ವಿನಯಾ ಎಂಬ ಹುಡುಗಿಯನ್ನು ಮದುವೆಯಾದ, ವಿಜೇತಾ ಎಂಬ ಮಗಳು ಹುಟ್ಟಿದಳು. ಸ್ಟುಡಿಯೋದ ಬೋರ್ಡಿನಲ್ಲಿ ಅಕ್ಕ ತಮ್ಮ ಇಬ್ಬರ ಹೆಸರೂ ಬಂತು. ಅವನ ಸಂಸಾರ ಅಪ್ಪನ ಮನೆಯಲ್ಲಿ, ಚಂದ್ರಾವತಿಯ ವಾಸ ತ್ರಾಸಿಯಲ್ಲೇ.

ಚಂದ್ರಾವತಿಯದು ಒಂದು ಹಟ ಇತ್ತು. ಮಗು ಬೇಡ ಅಂದ ಫೋಟೋವನ್ನು ಅವಳು ಯಾರಿಗೂ ಕೊಡುತ್ತಿರಲಿಲ್ಲ. ಹೆತ್ತವರು ಕೇಳಿದರೂ, ಮಾಸ್ಟ್ರು ಕೇಳಿದರೂ ಇಲ್ಲ.

ಈ ವರ್ಷದ ಜನವರಿಯಲ್ಲಿ ಒಂದು ಶಾಲೆಯ ವಾರ್ಷಿಕೋತ್ಸವ. ಒಂಬತ್ತನೇ ತರಗತಿಯ ಶ್ರಾವ್ಯ ನೃತ್ಯಕ್ಕೆ ಸಿದ್ಧವಾಗಿ ರಂಗದ ಹಿಂದೆ ನಿಂತಿದ್ದಳು. ಒಂದು ಕಿವಿಗೆ ಜುಮುಕಿ ಹಾಕಿಯಾಗಿತ್ತು, ಇನ್ನೊಂದು ಕೈಯಲ್ಲಿತ್ತು. ಗೆಳತಿ ಏನೋ ಹೇಳಿದಳು, ಶ್ರಾವ್ಯ ಕಣ್ಣು ಮುಚ್ಚಿ ನಕ್ಕಳು. ಚಂದ್ರಾವತಿ ಆ ಕ್ಷಣಕ್ಕೆ ಕ್ಲಿಕ್ ಮಾಡಿದಳು.

"ಅಯ್ಯೋ ಚಂದ್ರಕ್ಕ, ಅದ್ ಬ್ಯಾಡ! ಒಂದ್ ಕೆಮಿಗ್ ಜುಮ್ಕಿಯೇ ಇಲ್ಲ."

"ಆಯ್ತ್ ಮಗಾ. ಅದನ್ ಯಾರಿಗೂ ಕೊಡ್ತಿಲ್ಲೆ."

ಮುನ್ನೂರ ಎಂಬತ್ತು ಫೋಟೋ ಪೆನ್‌ಡ್ರೈವಿನಲ್ಲಿ ಶಾಲೆಗೆ ಹೋಯಿತು. ಶಾಲೆಯವರು ಅವುಗಳಲ್ಲಿ ಕೆಲವನ್ನು ತಮ್ಮ ಫೇಸ್‌ಬುಕ್ ಪುಟಕ್ಕೆ ಹಾಕಿದರು. ಜುಮುಕಿಯ ಫೋಟೋ ಸ್ಟುಡಿಯೋದ ಕಂಪ್ಯೂಟರಿನಲ್ಲೇ ಉಳಿಯಿತು.

ಮಾರ್ಚ್ ಮೊದಲ ವಾರ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ಶ್ರಾವ್ಯಳ ತಾಯಿ ಪ್ರಫುಲ್ಲಾ ಸ್ಟುಡಿಯೋಗೆ ಬಂದಳು. ಗದ್ದೆ, ತೋಟ ಇದ್ದ ಮನೆತನದ ಹೆಂಗಸು. ಗಂಡ ಚಂದಯ್ಯನದು ಹುಬ್ಬಳ್ಳಿಯಲ್ಲಿ ಹೋಟೆಲು. ಯಾವಾಗಲೂ ಬಾಗಿಲಲ್ಲೇ ನಗುತ್ತ ಮಾತಾಡಿಸುವವಳು ಅಂದು ಒಳಗೆ ಬಂದು ಬಾಗಿಲು ಎಳೆದುಕೊಂಡಳು. ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಒಂದು ಅಂಗೈ ಪರದೆಯ ಮುಕ್ಕಾಲು ಭಾಗವನ್ನು ಮುಚ್ಚಿತ್ತು. ಮೇಲೆ ಕಾಣುತ್ತಿದ್ದದ್ದು ಮಗಳ ಮುಖ ಮಾತ್ರ.

"ಇದ್ ನೀವ್ ತೆಗ್ದದ್ದಾ ಚಂದ್ರಕ್ಕ?"

ಚಂದ್ರಾವತಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು.

"ಕೈ ತೆಗಿ ಅಂದ್ ಹೇಳ್ಬೇಡಿ," ಎಂದಳು ಪ್ರಫುಲ್ಲಾ. "ಕೆಳ್ಗಿಪ್ಪುದ್ ನನ್ ಹೆಣ್ಣಿನ ಮೈ ಅಲ್ಲ. ಎಂತದೋ ಆ್ಯಪ್ ಅಂಬ್ರ್. ಮುಖ ಕೊಟ್ರೆ ಉಳ್ದದ್ದೆಲ್ಲ ಅದೇ ಮಾಡತ್ತಂಬ್ರ್. ಶಾಲಿ ಮಕ್ಕಳ ಮೊಬೈಲಿಗೆಲ್ಲ ಬಂದಿತ್. ನಾಕ್ ದಿನ ಆಯ್ತ್, ಹೆಣ್ ಉಂಬುದಿಲ್ಲ, ಕೋಣಿ ಬಾಗ್ಲ್ ತೆಗಿತಿಲ್ಲ."

ಕಣ್ಣು ಮುಚ್ಚಿ ನಗುವ ಮುಖ. ಒಂದು ಕಿವಿಯಲ್ಲಿ ಜುಮುಕಿ, ಇನ್ನೊಂದು ಕಿವಿ ಬರಿದು.

ಚಂದ್ರಾವತಿ ಆ ಬರಿದಾದ ಕಿವಿಯನ್ನೇ ಮತ್ತೆ ನೋಡಿದಳು. ಪ್ರಫುಲ್ಲಾ ಅವಳ ಮುಖ ನೋಡಲಿಲ್ಲ, ತನ್ನ ಪಾಡಿಗೆ ಹೇಳುತ್ತಿದ್ದಳು. "ಶಾಲಿಯವ್ರ್ ಫೇಸ್‌ಬುಕ್ಕಿಗ್ ಹಾಕ್ದ್ರಲ್ದಾ, ಯಾವನೋ ಅಲ್ಲಿಂದ ತೆಗ್ದಿರ್ಕ್. ನಿಮ್ಮನ್ ಬೈಯುಕೆ ಬಂದದ್ದಲ್ಲ ನಾನ್. ಎಲ್ಲಿ ಹೇಳ್ಕ್, ಯಾರಿಗ್ ಹೇಳ್ಕ್ ಗೊತ್ತಾತಿಲ್ಲ."

ಸುಮ್ಮನಿದ್ದರೆ ಮುಗಿಯುತ್ತಿತ್ತು. ಊರಿಡೀ ಶಾಲೆಯನ್ನು ಬೈಯುತ್ತಿತ್ತು. ಶಾಲೆಯವರು ಪುಟ ಅಳಿಸುತ್ತಿದ್ದರು. ಚಂದ್ರಾವತಿ ಅಪ್ಪನ ಮನೆಗೆ ಹೋಗಿ ತಮ್ಮನನ್ನು ಗುಟ್ಟಾಗಿ ಎರಡು ಮಾತು ಬೈದು, ಕಂಪ್ಯೂಟರನ್ನು ಒಡೆದು ಹೊಳೆಗೆ ಎಸೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇದನ್ನು ಅವಳೇ ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ. "ನಂಗೂ ಆ ಯೋಚ್ನಿ ಬಂದಿತ್. ಬರ್ಲಿಲ್ಲ ಅಂದ್ರೆ ಸುಳ್ಳಾತ್."

"ಪ್ರಫುಲ್ಲಕ್ಕ, ಕೂಕಣಿ," ಎಂದಳು ಅವಳು. "ಈ ಫೋಟೋ ಶಾಲಿಗ್ ಕೊಟ್ಟದ್ದಲ್ಲ. ಹೆಣ್ ಬ್ಯಾಡ ಅಂದಿತ್, ನಾ ಕೊಡ್ಲಿಲ್ಲ. ಇದ್ ಇಪ್ಪುದ್ ಈ ಕಂಪ್ಯೂಟರಲ್ ಮಾತ್ರ."

ಪ್ರಫುಲ್ಲಾ ಕಂಪ್ಯೂಟರಿನ ಕಡೆ ತಿರುಗಿದಳು.

"ಇದನ್ ಯಾರ್ಯಾರ್ ಮುಟ್ತ್ರ್?"

"ನಾನ್. ಮತ್ತ್ ಚರಣ."

ಪ್ರಫುಲ್ಲಾ ಎದ್ದು ನಿಂತಳು. ಗೋಡೆಯ ಮೇಲಿದ್ದ ಮಕ್ಕಳ ಫೋಟೋಗಳನ್ನು ಒಂದೊಂದಾಗಿ ನೋಡಿದಳು. ಕೊನೆಗೆ, "ನಾ ಮನಿಗ್ ಹೋತೆ. ಹೆಣ್ ಒಂದೇ ಇತ್," ಎಂದು ಹೊರಟುಹೋದಳು.

ಮಧ್ಯಾಹ್ನ ಚರಣ್ ಬಂದ. ಮರವಂತೆಯಲ್ಲಿ ಯಾರದೋ ಮದುವೆಗೆ ಮುಂಚಿನ ವಿಡಿಯೋ ಮಾಡಿ, ಡ್ರೋನ್ ಪೆಟ್ಟಿಗೆ ಹೊತ್ತು, ಸಿಳ್ಳೆ ಹಾಕುತ್ತ ಬಂದ. ಅಕ್ಕ ಶಟರ್ ಅರ್ಧ ಎಳೆದಳು.

"ಶ್ರಾವ್ಯನ ಜುಮ್ಕಿ ಫೋಟೋ ಯಾರಿಗ್ ಕೊಟ್ಟೆ?"

ಅವನು ಯಾವ ಶ್ರಾವ್ಯ, ಯಾವ ಫೋಟೋ ಎಂದ. ಅವಳು ಮತ್ತೆ ಕೇಳಿದಳು. ಮೂರನೇ ಸಲ ಕೇಳಿದಾಗ ಅವನ ಮುಖ ಚಿಕ್ಕಂದಿನಲ್ಲಿ ಬೆಲ್ಲ ಕದ್ದಾಗ ಆಗುತ್ತಿದ್ದ ಹಾಗೆ ಆಯಿತು. ಆ ಮುಖವನ್ನು ಅವಳು ಮೂವತ್ತೈದು ವರ್ಷದಿಂದ ಬಲ್ಲಳು. ಟೆಲಿಗ್ರಾಮಿನಲ್ಲಿ ಒಂದು ಗುಂಪು ಇತ್ತಂತೆ, ಫೋಟೋ ಕೊಟ್ಟವರನ್ನು ಮಾತ್ರ ಒಳಗೆ ಬಿಡುತ್ತಾರಂತೆ. ಇವನು ಕೊಟ್ಟಿದ್ದನಂತೆ. ಅಲ್ಲಿ ಯಾರೋ ಅದನ್ನು ಹಾಗೆ ಮಾಡಿದರಂತೆ. ಅದು ಊರಿಗೆ ವಾಪಸು ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲವಂತೆ.

"ಅದ್ ನಿಜ ಫೋಟೋ ಅಲ್ದಲೆ ಅಕ್ಕ. ಮಿಷನ್ ಮಾಡದ್. ಆ ಹೆಣ್ಣಿಗ್ ಯಾರೂ ಎಂತ ಮಾಡ್ಲಿಲ್ಲ. ಮುಟ್ಟದ್ದೂ ಇಲ್ಲ."

ಚಂದ್ರಾವತಿಯ ಕೈ ಎದ್ದಿತು. ಹೊಡೆಯಲಿಲ್ಲ. ಹೊಡೆದರೆ ಅಷ್ಟಕ್ಕೇ ಮುಗಿಯಿತು ಎಂದು ಅವನು ಅಂದುಕೊಂಡಾನು ಅನ್ನಿಸಿತು.

"ಎಷ್ಟ್ ಮಕ್ಕಳದ್ ಕೊಟ್ಟೆ?"

ಅವನು ಡ್ರೋನ್ ಪೆಟ್ಟಿಗೆಯನ್ನು ಕೆಳಗಿಟ್ಟ.

"ಎಷ್ಟ್ ಚರಣ?"

"ಆರ್... ಏಳ್ ಇರ್ಕ್."

"ಆ ಮಕ್ಕಳ್ ನಾ ಕ್ಯಾಮರಾ ಹಿಡ್ದದ್ದಕ್ಕೆ ನಗ್ಯಾಡದ್ ಮಾರಾಯ! ಚಂದ್ರಕ್ಕ ಅಂದೇಳಿ ನಂಬಿ ನಗ್ಯಾಡದ್! ನಿನ್ ಮಗಳಿಗ್ ಆರ್ ವರ್ಷ. ಅವ್ಳ್ ಫೋಟೋನೂ ಇದ್ರಗೇ ಇತ್, ಗೊತ್ತಿತ್ತಾ ನಿಂಗೆ?"

"ಅಕ್ಕ, ಅಳಿಸಿ ಬಿಡ್ತೆ. ಈಗ್ಲೇ ಅಳಿಸ್ತೆ."

"ಮುಟ್ಬೇಡ!"

ಅವಳು ಕಂಪ್ಯೂಟರಿನ ಪ್ಲಗ್ಗು ಕಿತ್ತಳು. ಹಾರ್ಡ್‌ಡಿಸ್ಕುಗಳನ್ನೆಲ್ಲ ಕಪಾಟಿಗೆ ಹಾಕಿ ಬೀಗ ಜಡಿದು ಕೀಲಿಯನ್ನು ಮಂಗಳಸೂತ್ರವಿಲ್ಲದ ತನ್ನ ಚಿನ್ನದ ಸರಕ್ಕೆ ಪೋಣಿಸಿಕೊಂಡಳು. "ಸ್ಟೇಶನ್ನಿಗ್ ನಡಿ. ನೀನೇ ಹೇಳ್," ಎಂದಳು. ಅವನು ಬೈಕ್ ಹತ್ತಿ ಹೋದ. ಸ್ಟೇಶನ್ನಿಗಲ್ಲ, ಮನೆಗೆ.

ಅವಳು ಪ್ರಫುಲ್ಲಾಳ ಮನೆಗೆ ಹೋಗಿ ಅಂಗಳದಲ್ಲಿ ನಿಂತು ಕರೆದಳು. ಪ್ರಫುಲ್ಲಾ ಹೊರಗೆ ಬಂದಳು, ಕೂತುಕೊಳ್ಳಿ ಅನ್ನಲಿಲ್ಲ. "ಅವ ಒಪ್ಕಂಡ. ನಾ ದೂರ್ ಕೊಡುಕೆ ಹೋತಾ ಇದ್ದೆ. ನೀವೂ ಬತ್ರಿಯಾ?" ಎಂದು ಚಂದ್ರಾವತಿ ಕೇಳಿದಳು. ಪ್ರಫುಲ್ಲಾ ಚಪ್ಪಲಿ ಹಾಕಿದಳು. ಇಬ್ಬರೂ ಒಂದೇ ರಿಕ್ಷಾದಲ್ಲಿ ಹೋದರು.

ಸ್ಟೇಶನ್ನಿನಲ್ಲಿ ಮೂರು ಗಂಟೆ ಕೂತರು. ಮೊದಲ ಮೇಜಿನವನು ಫೋಟೋ ತೋರಿಸಿ ಎಂದ. ಪ್ರಫುಲ್ಲಾ ಅಂಗೈ ಅಡ್ಡ ಇಟ್ಟು ತೋರಿಸಿದಳು. "ಪೂರ್ತಿ ನೋಡದೆ ಹೇಗಮ್ಮ ಗೊತ್ತಾಗೋದು?" ಎಂದ. ಎರಡನೇ ಮೇಜಿಗೆ ಕಳಿಸಿದರು. ಅಲ್ಲೂ ತೋರಿಸಬೇಕಾಯಿತು. ಅಲ್ಲಿದ್ದವನು ಮೊಬೈಲ್ ಈಸಿಕೊಂಡು ಪಕ್ಕದವನ ಕಡೆ ತಿರುಗಿಸಿದ. ಮೂರನೆಯವನು ಕೇಳಿದ್ದು ಹುಡುಗಿಗೆ ಸ್ವಂತ ಮೊಬೈಲ್ ಇದೆಯಾ, ಯಾರ ಜೊತೆಗಾದರೂ ಓಡಾಟ ಇದೆಯಾ, ಅಷ್ಟು ಮೇಕಪ್ ಯಾಕೆ ಮಾಡಿಕೊಂಡಿದ್ದಾಳೆ.

"ಡ್ಯಾನ್ಸಿಗೆ," ಎಂದಳು ಪ್ರಫುಲ್ಲಾ.

ಕೊನೆಗೆ ಒಳಗಿನ ಕೋಣೆಯಲ್ಲಿದ್ದ ಅಧಿಕಾರಿ ಕರೆದರು. "ನೋಡಿ ಅಮ್ಮ, ಇದು ನಿಜವಾದ ಫೋಟೋ ಅಲ್ಲ ತಾನೇ? ಹುಡುಗಿಗೆ ಯಾರೂ ಏನೂ ಮಾಡಿಲ್ಲ. ಕೇಸು ಅಂತ ಹೋದರೆ ಹುಡುಗಿ ಹೆಸರೇ ಹಾಳು. ನೀವು ಬೇರೆ ಸ್ವಂತ ತಮ್ಮ ಅಂತೀರಿ. ಮನೆಮಟ್ಟದಲ್ಲೇ ಮುಗಿಸಿಕೊಳ್ಳಿ."

ಮಧ್ಯಾಹ್ನ ತಮ್ಮ ಆಡಿದ ಮಾತೇ ಅದು. ಭಾಷೆ ಮಾತ್ರ ಬೇರೆ. ಚಂದ್ರಾವತಿ ಕುರ್ಚಿ ಹಿಂದೆ ತಳ್ಳಿ ಎದ್ದಳು.

"ಸಾರ್, ನಿಜ ಅಲ್ಲ ಅಂದ್ರೆ ಆ ಹೆಣ್ ಯಾಕ್ ಉಂಬುದಿಲ್ಲ? ಅವಳ ಹಸಿವು ಮಿಷನ್ ಮಾಡದ್ದಾ? ನಿಮ್ ಮೂರ್ ಮೇಜಿನವ್ರ್ ಕಣ್ಣ್ ಬಿಟ್ಟ್ ಕಂಡದ್ ಯಾರ ಮುಖ? ಮುಖ ಇಲ್ದಿದ್ರೆ ನೀವ್ ಕಾಂತಿದ್ರ್ಯಾ? ನಾ ಮೂವತ್ತ್ ವರ್ಷ ಮುಖ ತೆಗ್ದವ್ಳ್ ಸಾರ್. ಮುಖ ಅಂದ್ರೇ ಮನ್ಷ್ಯ!"

"ಧ್ವನಿ ತಗ್ಗಿಸಿ ಮಾತಾಡಿ."

"ತಗ್ಸುದಿಲ್ಲ! ತಪ್ ಮಾಡದವ ನನ್ ತಮ್ಮ. ಕಂಪ್ಯೂಟರ್ ನಂದ್. ಕೀಲಿ ನನ್ ಕುತ್ಗಿಯಲ್ಲಿತ್. ನೀವ್ ಬರ್ಕಣ್ಲಿಲ್ಲ ಅಂದ್ರೆ ನಾ ಇಲ್ಲಿಂದ ಏಳೂದಿಲ್ಲ."

ಅಂದು ಅವರು ಬರೆದುಕೊಳ್ಳಲಿಲ್ಲ. ಮಕ್ಕಳ ಸಹಾಯವಾಣಿಗೆ ಚಂದ್ರಾವತಿ ಸ್ಟೇಶನ್ನಿನ ಜಗಲಿಯಲ್ಲೇ ನಿಂತು ಫೋನ್ ಮಾಡಿದಳು. ಮರುದಿನ ಮಕ್ಕಳ ರಕ್ಷಣಾ ಘಟಕದ ಒಬ್ಬ ಹೆಂಗಸು ಉಡುಪಿಯಿಂದ ಬಂದರು. ನಾಗು ಎಂಬ ಹೆಸರಿನ, ಬತ್ತಿದ ಮುಖದ, ಹೆಚ್ಚು ಮಾತಾಡದ ಹೆಂಗಸು. ಅವರು ಪುಸ್ತಕ ತೆರೆದು ಕಲಂ ತೋರಿಸಿದರು. ಕಂಪ್ಯೂಟರಿನಲ್ಲಿ ಮಾಡಿದ ಚಿತ್ರವಾದರೂ ಮಗುವಿನಂತೆ ಕಂಡರೆ ಅಪರಾಧವೇ ಎಂದು ಕಾನೂನು ಮೊದಲೇ ಹೇಳಿತ್ತು. ಮೂರು ಮೇಜಿನಲ್ಲಿ ಒಬ್ಬನೂ ಅದನ್ನು ಓದಿರಲಿಲ್ಲ. ಇದು ಗೊತ್ತಾದ ಮೇಲೆ ಚಂದ್ರಾವತಿಯ ಸಿಟ್ಟು ಇಳಿಯುವ ಬದಲು ಇನ್ನೂ ಏರಿತು.

ದೂರು ದಾಖಲಾದ ದಿನ ಸಂಜೆ ಕಿರಿಮಂಜೇಶ್ವರದ ಮನೆಯಲ್ಲಿ ದೇವಪ್ಪ ಮಗಳಿಗಾಗಿ ಕಾದಿದ್ದರು. ಎಂಬತ್ತೆರಡು ವರ್ಷದ ಮುದುಕರು, ಗೋಡೆ ಹಿಡಿದು ಎದ್ದು ನಿಂತರು.

"ನೀ ಹೆತ್ತದ್ದಲ್ದಿದ್ರೂ ಸಾಕದ್ದಲ್ದಾ ಅವ್ನನ್ನ? ಹೆತ್ತಬ್ಬಿ ಸಾಯುವತಿಗೆ ನಿನ್ ಕೈಯಗ್ ಕೊಟ್ಟ್ ಹೋಯಿದ್ಲ್."

"ಅದ್ಕೇ ಅಪ್ಪಯ್ಯ. ಬೇರೆ ಯಾರ್ ಸಾಕಿದ್ರೂ ನಂಗೆ ಇಷ್ಟ್ ಉರೀತಿರ್ಲಿಲ್ಲ."

"ಊರ್ ಎಂತ ಹೇಳತ್?"

"ಹೇಳ್ಲಿ. ಆ ಹೆಣ್ಣಿಗ್ ಹೇಳೂದಕ್ಕಿಂತ ನಂಗ್ ಹೇಳ್ಲಿ."

ಚರಣ್ ಒಳಕೋಣೆಯಲ್ಲಿದ್ದ, ಹೊರಗೆ ಬರಲಿಲ್ಲ. ವಿನಯಾ ಅಡುಗೆಮನೆಯ ಬಾಗಿಲಲ್ಲಿ ಮಗಳನ್ನು ಮುಂದೆ ನಿಲ್ಲಿಸಿಕೊಂಡು ಎಲ್ಲವನ್ನೂ ಕೇಳುತ್ತಿದ್ದಳು. ಚಂದ್ರಾವತಿ ಹೊರಡುವಾಗ ಹಿಂದೆಯೇ ಅಂಗಳಕ್ಕೆ ಬಂದು ಸೆರಗಿನ ಕೆಳಗಿನಿಂದ ಒಂದು ಮೊಬೈಲ್ ತೆಗೆದು ಕೊಟ್ಟಳು.

"ಇದ್ ಅವ್ರದ್ದೇ ಅತ್ತಿಗಿ. ಎರಡನೇದ್. ಅಕ್ಕಿ ಡಬ್ಬಿಯಗ್ ಇಟ್ಟಿದ್ರ್. ನಾ ಅದ್ರಗಿಪ್ಪುದ್ ಕಾಣ್ಲಿಲ್ಲ. ಕಾಂಬುದೂ ಬ್ಯಾಡ." ಅಷ್ಟು ಹೇಳಿ ಒಳಗೆ ಹೋದಳು. ಮರುದಿನ ಮಗಳನ್ನು ಕರೆದುಕೊಂಡು ತವರಿಗೆ ಹೋದಳು.

ಆ ಎರಡನೇ ಮೊಬೈಲಿನಲ್ಲಿ ಸಿಕ್ಕಿದ್ದು ಏಳು ಮಕ್ಕಳದಲ್ಲ, ಹನ್ನೊಂದು ಮಕ್ಕಳದು. ಚರಣ್‌ನ ಬಂಧನವಾಯಿತು. ಹನ್ನೊಂದು ಮನೆಗೆ ನಾಗು ಹೋಗಿ ತಿಳಿಸಿದರು. ಚಂದ್ರಾವತಿ ತಾನೂ ಬರುತ್ತೇನೆಂದಳು. ನಾಗು ಬೇಡ ಅಂದರು. "ಅವ್ರಿಗ್ ಈಗ ನಿಮ್ಮನ್ ಕಾಂಬುಕೆ ಆತಿಲ್ಲ, ಚಂದ್ರಾವತಿಯವ್ರೆ." ಆ ಮಾತು ಅವಳಿಗೆ ಚುಚ್ಚಿತು, ಆದರೆ ಸುಳ್ಳಲ್ಲ ಎಂದು ಗೊತ್ತಿತ್ತು.

ಜೂನಿನ ಒಳಗೆ ಇಪ್ಪತ್ತೆರಡು ಶಾಲೆಗಳಲ್ಲಿ ಹದಿನೆಂಟು ಕೈಬಿಟ್ಟವು. ಮುಖ್ಯೋಪಾಧ್ಯಾಯರೊಬ್ಬರು ಎದುರಿಗೇ, "ನಮ್ ಶಾಲಿ ಹೆಸ್ರ್ ಬಾರ್ದಿದ್ದಂಗ್ ಕಂಡ್ಕಣಿ, ಅಷ್ಟ್ ಸಾಕ್," ಎಂದರು. ಹುಡುಗಿಯ ಹೆಸರಿನ ಬಗ್ಗೆ ಅವರು ಏನೂ ಕೇಳಲಿಲ್ಲ. ಬೇಕರಿಯ ಕಟ್ಟೆಯಲ್ಲಿ ಕೂತವರು, ಒಡಹುಟ್ಟಿದವನನ್ನು ಹಿಡಿದುಕೊಟ್ಟವಳು ಎಂದು ಅವಳಿಗೆ ಕೇಳುವ ಹಾಗೆ ಹೇಳುತ್ತಿದ್ದರು. ಒಂದು ದಿನ ಅವಳು ಚಹಾದ ಲೋಟ ಹಿಡಿದು ಅವರ ನಡುವೆಯೇ ಹೋಗಿ ಕೂತಳು. "ಈಗ ಹೇಳಿ. ಪೂರಾ ಹೇಳಿ. ಆ ಫೋಟೋ ನಿಮ್ ಮೊಬೈಲಿಗ್ ಬಂದಾಗ ಅಳಿಸಿದವ್ರ್ ಯಾರ್, ಮುಂದೆ ಕಳ್ಸದವ್ರ್ ಯಾರ್, ಅದ್ನೂ ಹೇಳಿ." ಒಬ್ಬೊಬ್ಬರಾಗಿ ಎದ್ದು ಹೋದರು.

ಚಂದಯ್ಯ ಹುಬ್ಬಳ್ಳಿಯಿಂದ ಬಂದವನು ಮಗಳನ್ನು ಆ ಶಾಲೆ ಬಿಡಿಸಿ ಕೊಕ್ಕರ್ಣೆಯಲ್ಲಿದ್ದ ತಂಗಿಯ ಮನೆಯಲ್ಲಿ ಬಿಟ್ಟ. ಕೇಸು ಹಿಂದೆ ತೆಗೆಯೋಣ ಎಂದು ಹೆಂಡತಿಯ ಹತ್ತಿರ ಜಗಳ ಮಾಡಿದ. ಪ್ರಫುಲ್ಲಾ ಒಪ್ಪಲಿಲ್ಲ. ಒಮ್ಮೆ ಅವನು ಸ್ಟುಡಿಯೋ ಎದುರು ಕಾರು ನಿಲ್ಲಿಸಿ ಇಳಿಯದೆಯೇ ಹೇಳಿದ: "ನಿಮ್ ಮನಿಂದ್ಲೇ ಆದದ್. ಈಗ ನ್ಯಾಯ ಕೊಡ್ಸುಕೂ ನೀವೇ ಬಪ್ಪುದಾ?"

ಅವನ ಸಿಟ್ಟು ನ್ಯಾಯದ್ದೇ ಎಂದು ಚಂದ್ರಾವತಿ ಇಂದಿಗೂ ಅನ್ನುತ್ತಾಳೆ.

ಮಳೆಗಾಲ ಮುಗಿಯುವ ಹೊತ್ತಿಗೆ ರಾಜ್ಯ ಸರಕಾರ ಒಂದು ಹೊಸ ಮಸೂದೆಯ ಕರಡು ಮಾಡಿದೆ, ಮಕ್ಕಳ ಚಿತ್ರಗಳ ದುರ್ಬಳಕೆ ತಡೆಯಲು ಕಾಯಿದೆ ಬರುತ್ತದೆ, ಉಡುಪಿಯಲ್ಲಿ ಜನರ ಅಭಿಪ್ರಾಯ ಕೇಳುವ ಸಭೆ ಇದೆ ಎಂದು ಸುದ್ದಿ ಬಂತು. ಫೋಟೋಗ್ರಾಫರ್‌ಗಳ ಸಂಘದ ಕಾರ್ಯದರ್ಶಿ ಮನೀಷ್ ಅವಳಿಗೆ ಫೋನ್ ಮಾಡಿದ. ಹದಿನೈದು ವರ್ಷದಿಂದ ಅವಳು ಆ ಸಂಘದ ಸದಸ್ಯೆ.

"ಚಂದ್ರಕ್ಕ, ನೀವ್ ಬರ್ಲೇಬೇಕ್. ಮಕ್ಕಳ ಫೋಟೋ ತೆಗೀಕಾರೆ ಬರ್ದ ಒಪ್ಗಿ ತಕಣ್ಕ್ ಅಂಬ್ರ್. ಇಂತಿಷ್ಟೇ ದಿನ ಇಟ್ಕಣ್ಕ್, ಕಂಪ್ಯೂಟರ್ ಯಾರ್ ಮುಟ್ತ್ರ್ ಅಂದೇಳಿ ಪಟ್ಟಿ ಇಡ್ಕ್ ಅಂಬ್ರ್. ನಮ್ ಹೊಟ್ಟಿಗ್ ಹೊಡೂ ಕೆಲ್ಸ ಇದ್. ಹೆಂಗ್ಸ್ರ್ ಒಬ್ರ್ ಎದ್ದ್ ವಿರೋಧ ಹೇಳಿರೆ ತೂಕ ಇರತ್."

"ಬತ್ತೆ," ಎಂದಳು.

ಪ್ರಫುಲ್ಲಾಳನ್ನು ಕರೆದುಕೊಂಡು ಹೋದಳು. ಸಭಾಂಗಣದಲ್ಲಿ ಬೆಳಗ್ಗೆ ಹತ್ತರಿಂದ ಮಧ್ಯಾಹ್ನದವರೆಗೆ ವಕೀಲರು, ಸಂಸ್ಥೆಗಳವರು ಮಾತಾಡಿದರು. ವ್ಯಾಖ್ಯೆಯ ಬಗ್ಗೆ ಒಂದು ಗಂಟೆ ಚರ್ಚೆ. ಶಾಲೆಗಳ ಪರವಾಗಿ ಬಂದವರೊಬ್ಬರು, ಇಷ್ಟು ಕಟ್ಟುನಿಟ್ಟು ಮಾಡಿದರೆ ಶಾಲೆಯ ಪ್ರಚಾರ ಹೇಗೆ ಎಂದು ಕೇಳಿದರು. ಆಮೇಲೆ ಸಂಘದ ಸರದಿ. ಮನೀಷ್ ಮೈಕನ್ನು ಚಂದ್ರಾವತಿಯ ಕೈಗೆ ಕೊಟ್ಟು ಪಕ್ಕದಲ್ಲಿ ನಿಂತ.

"ನಂಗ್ ಬಪ್ಪುದ್ ನಮ್ ಕುಂದಾಪ್ರ ಭಾಷಿ. ಅರ್ಥ ಆಗ್ದಿದ್ರೆ ಕೇಣಿ," ಎಂದು ಅವಳು ಶುರುಮಾಡಿದಳು. "ನಾ ಫೋಟೋ ತೆಗೂದ್ ಮೂವತ್ತ್ ವರ್ಷ ಆಯ್ತ್. ಮಕ್ಕಳ ಫೋಟೋ ನನ್ ಕಂಪ್ಯೂಟರಿಂದ್ಲೇ ಕದ್ದ್ ಹೋಯಿತ್. ಕದ್ದವ ನನ್ ಒಡಹುಟ್ಟದವ. ಯಾವ್ ಮಕ್ಕಳ್ ಅಂದ್ ನಾ ಹೇಳುದಿಲ್ಲ. ಒಪ್ಗಿ ಬರ್ಸಕಣಿ, ಪಟ್ಟಿ ಇಡ್ಸಿ, ಬೀಗ ಹಾಕ್ಸಿ. ನಂಗ್ ಆ ಕಾನೂನ್ ಮೊದ್ಲೇ ಇದ್ದಿದ್ರೆ ನನ್ ಕಂಪ್ಯೂಟರಿಗ್ ನಾ ಬೀಗ ಹಾಕ್ತಿದ್ದೆ. ತಮ್ಮ ಅಂದೇಳಿ ಬಿಡ್ತಿರ್ಲಿಲ್ಲ."

ಮನೀಷ್ ಮೆಲ್ಲಗೆ, "ಚಂದ್ರಕ್ಕ, ನಾವ್ ಹೇಳುಕ್ ಬಂದದ್ ಬೇರೆ..." ಎಂದ. ಅವಳು ಮೈಕನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

"ಮಕ್ಕಳ ಒಪ್ಗಿನೂ ಕೇಣ್ಕ್ ಅಂದ್ ಬರೀರಿ. ಅಪ್ಪ ಅಬ್ಬಿಯದ್ದ್ ಮಾತ್ರ ಅಲ್ಲ. ಇನ್ನೊಂದ್. ಹೊಸ ಕಾನೂನ್ ಮಾಡೂಕೆ ಮುಂಚೆ ಹಳೇದನ್ನ ಸ್ಟೇಶನ್ನಿನವ್ರಿಗೆ ಓದ್ಸಿ. ಒಬ್ಳ್ ತಾಯಿ ಒಂದೇ ದಿನ ಮೂರ್ ಮೇಜಿನ ಮುಂದೆ ತನ್ ಮಗಳ ಆ ಫೋಟೋ ತೋರ್ಸಿದ್ಲ್. ಒಂದ್ ಸಲ, ಒಬ್ರೇ ಹೆಂಗ್ಸ್ ಅಧಿಕಾರಿ ಕಂಡ್ರೆ ಸಾಕ್ ಅಂದ್ ಬರೀರಿ. ಎಲ್ಲಾ ಕಡಿಂದ್ಲೂ ಅದನ್ ತೆಗ್ಸುದ್ ಯಾರ್ ಕೆಲ್ಸ ಅಂದ್ ಬರೀರಿ. ಎಷ್ಟ್ ಗಂಟಿ ಒಳ್ಗ್ ಅಂದ್ ಬರೀರಿ. ಏಳ್ ತಿಂಗ್ಳಾಯ್ತ್, ಅದ್ ಇವತ್ತಿಗೂ ಎಲ್ಲೋ ತಿರಗ್ತಾ ಇತ್."

"ನಿಮ್ಮ ಎರಡು ನಿಮಿಷ ಮುಗಿಯಿತು," ಎಂದರು ವೇದಿಕೆಯಲ್ಲಿದ್ದ ಅಧಿಕಾರಿ.

"ಮೂರ್ ಗಂಟಿ ಸ್ಟೇಶನ್ನಗ್ ಕೂಕಂಡಾಗ ಯಾರೂ ನಿಮಿಷ ಎಣ್ಸ್ಲಿಲ್ಲ ಸಾರ್! ಈಗ ಎಣ್ಸುದಾ?"

ಮೈಕು ಬಂದ್ ಆಯಿತು. ಮೈಕಿಲ್ಲದೆಯೇ ಅವಳು ಇನ್ನೂ ಐದು ನಿಮಿಷ ಮಾತಾಡಿದಳು, ಯಾರೂ ಎಬ್ಬಿಸಲು ಬರಲಿಲ್ಲ. ಕೆಳಗೆ ಇಳಿದ ಮೇಲೆ ಸಂಘದ ಸದಸ್ಯತ್ವದ ಕಾರ್ಡನ್ನು ಚೀಲದಿಂದ ತೆಗೆದು ಮನೀಷ್‌ನ ಜೇಬಿಗೆ ಹಾಕಿದಳು. ಪ್ರಫುಲ್ಲಾ ಆ ದಿನ ಮೊದಲ ಸಲ ಅವಳ ಕೈ ಹಿಡಿದಳು. ಬಸ್ಸಿನಲ್ಲಿ ಕುಂದಾಪುರ ಮುಟ್ಟುವ ತನಕ ಬಿಡಲಿಲ್ಲ.

ಚರಣ್ ಜಾಮೀನಿನ ಮೇಲೆ ಹೊರಬಂದ. ಕಿರಿಮಂಜೇಶ್ವರಕ್ಕೆ ಬರಬಾರದೆಂದು ಕೋರ್ಟಿನ ಷರತ್ತು. ಒಮ್ಮೆ ಯಾವುದೋ ನಂಬರಿನಿಂದ ಅಕ್ಕನಿಗೆ ಫೋನ್ ಮಾಡಿ ಅತ್ತ. ಅವಳು ಪೂರ್ತಿ ಕೇಳಿದಳು. "ಕೋರ್ಟಗ್ ನಿಜ ಹೇಳ್. ಆಮೇಲ್ ಕಾಂಬೊ," ಎಂದು ಇಟ್ಟಳು. ಆಮೇಲೆ ಸಂಜೆಯವರೆಗೂ ಅವಳಿಂದ ಯಾವ ಕೆಲಸವೂ ಆಗಲಿಲ್ಲ. ವಿನಯಾ ತಿಂಗಳಿಗೊಮ್ಮೆ ಮಗಳನ್ನು ಅಜ್ಜನಿಗೆ ತೋರಿಸಲು ಬರುತ್ತಾಳೆ, ರಾತ್ರಿ ಉಳಿಯುವುದಿಲ್ಲ.

ಮಸೂದೆ ಇನ್ನೂ ಮಸೂದೆಯೇ. ಚಂದ್ರಾವತಿ ಬೆಂಗಳೂರಿನ ಕಚೇರಿಗೆ ಫೋನ್ ಮಾಡುತ್ತಾಳೆ. "ಪರಿಶೀಲನೆಯಲ್ಲಿದೆ" ಎಂದು ಒಬ್ಬರು, "ಕಾನೂನು ಇಲಾಖೆಗೆ ಹೋಗಿದೆ" ಎಂದು ಇನ್ನೊಬ್ಬರು. ಈಗ ಅವರಿಗೆ ಅವಳ ಧ್ವನಿಯೇ ಪರಿಚಯ. "ಮತ್ತೆ ನೀವಾ ಅಮ್ಮ?" ಅನ್ನುತ್ತಾರೆ. "ಹೌದ್, ನಾನೇ. ನಿಮ್ ಹೆಸ್ರೆಂತ? ಬರ್ಕಂತೆ," ಅನ್ನುತ್ತಾಳೆ.

ಸ್ಟುಡಿಯೋ ಬಿಟ್ಟಿಲ್ಲ. ಪಾಸ್‌ಪೋರ್ಟ್ ಅಳತೆಯ ಫೋಟೋ, ಮುದುಕರ ಪಿಂಚಣಿ ಫೋಟೋ ಇಷ್ಟೇ ಈಗ. ಅದರ ಜೊತೆಗೆ ನಾಗು ಕರೆದಲ್ಲಿಗೆ ಹೋಗಿ ಹೆತ್ತವರ ಸಭೆಗಳಲ್ಲಿ ಮಾತಾಡುತ್ತಾಳೆ. ಈ ಡಿಸೆಂಬರಿನಲ್ಲಿ ಕೊಕ್ಕರ್ಣೆಯ ಒಂದು ಶಾಲೆಯಲ್ಲಿ ಸಭೆ ಇತ್ತು. ಯಾರ ಹೆಸರೂ ಎತ್ತದೆ, ಫೋನಿನಲ್ಲಿ ಅಂಥದ್ದು ಬಂದರೆ ಮುಂದೆ ಕಳಿಸಬೇಡಿ, ಯಾರಿಗೆ ಹೇಳಬೇಕು, ಮಗಳನ್ನು ಏನು ಕೇಳಬಾರದು ಎಂದು ಹೇಳಿದಳು. ಹಿಂದಿನಿಂದ ಒಬ್ಬ ಗಂಡಸು ಎದ್ದು ನಿಂತ.

"ಇದೆಲ್ಲಾ ರಗಳಿ ಎಂತಕ್ ಅಕ್ಕ? ಹೆಣ್ಮಕ್ಕಳನ್ ಡ್ಯಾನ್ಸಿಗ್ ಕಳ್ಸದೇ ಇದ್ರೆ ಆಯ್ತಲ್ದಾ? ಫೋಟೋನೂ ಬ್ಯಾಡ, ಎಂತದೂ ಬ್ಯಾಡ."

"ಹ್ವಾಯ್, ಕೂಕಣ್ಬೇಡಿ, ನಿಂತ್ಕಂಡೇ ಕೇಣಿ!" ಚಂದ್ರಾವತಿಯ ಧ್ವನಿಗೆ ಕಿಟಕಿಯ ಹೊರಗಿದ್ದವರೂ ತಿರುಗಿ ನೋಡಿದರು. "ಮನಿಗ್ ಕಳ್ಳ ಬಂದ ಅಂದ್ರೆ ಮನಿಯನ್ನೇ ಕಿತ್ತ್ ಹಾಕ್ತ್ರಿಯಾ? ಕುಣ್ದ ಹೆಣ್ ಎಂತ ತಪ್ ಮಾಡಿತ್? ನಿಮ್ ಗಂಡ್ಮಕ್ಕಳ್ ಮೊಬೈಲಗ್ ಎಂತ ಇತ್ ಅಂದ್ ಯಾವತ್ತಾರೂ ಕಂಡಿರ್ಯಾ? ನಿಮ್ದೇ ಮೊಬೈಲಗ್ ಎಂತ ಇತ್? ತೆಗೀರಿ, ಇಲ್ಲೇ ಕಾಂಬೊ!"

ಅವನು ಕೂತ. ಕೆಲವು ಹೆಂಗಸರು ಚಪ್ಪಾಳೆ ತಟ್ಟಿದರು. ಇನ್ನು ಕೆಲವರು ತಲೆ ತಗ್ಗಿಸಿದರು.

ಸಭೆ ಮುಗಿದು ಅವಳು ಬಸ್ಸಿಗೆ ಹೊರಟಾಗ ಜಗಲಿಯ ತುದಿಯಲ್ಲಿ ಶ್ರಾವ್ಯ ನಿಂತಿದ್ದಳು. ಎತ್ತರವಾಗಿದ್ದಳು, ಸಪೂರವಾಗಿದ್ದಳು. ಹತ್ತನೇ ತರಗತಿಯನ್ನು ಅಲ್ಲೇ ಓದುತ್ತಿದ್ದಳು. ಮುಂದಿನ ವಾರದ ವಾರ್ಷಿಕೋತ್ಸವದ ಪಟ್ಟಿಯಲ್ಲಿ ಅವಳ ಹೆಸರಿಲ್ಲ ಎಂದು ಚಂದ್ರಾವತಿ ಆಗಲೇ ಗೋಡೆಯ ಮೇಲೆ ನೋಡಿದ್ದಳು. ಜುಮುಕಿಯ ಫೋಟೋ ತೆಗೆದ ದಿನದ ನಂತರ ಇಬ್ಬರೂ ಎದುರಾದದ್ದು ಇದೇ ಮೊದಲು.

"ಮಗಾ, ನನ್ನಿಂದ..."

"ಕೋರ್ಟ್ ತಾರೀಕ್ ಯಾವತ್ ಚಂದ್ರಕ್ಕ?" ಶ್ರಾವ್ಯ ಅವಳ ಮಾತನ್ನು ಮುಗಿಸಲು ಬಿಡಲಿಲ್ಲ. "ಅಮ್ಮ ನಾ ಹೋಪ್ದ್ ಬ್ಯಾಡ ಅಂತ್ಳ್. ಅಪ್ಪಯ್ಯನೂ ಬ್ಯಾಡ ಅಂತ್ರ್. ನಂಗ್ ಹೋಯ್ಕ್. ಅದ್ ನನ್ ಮುಖ. ನಾನೇ ಹೇಳ್ತೆ."

"ಜನ್ವರಿ ಹತ್ತೊಂಬತ್," ಎಂದಳು ಚಂದ್ರಾವತಿ. "ಬಾಗ್ಲ್ ಹಾಕಂಡ್ ಕೇಣ್ತ್ರ್, ಹೊರಗಿನವ್ರ್ ಯಾರೂ ಇಪ್ಪುದಿಲ್ಲ. ಹೆದ್ರಬೇಡ."

"ಹೆದ್ರಿಕಿ ಅಲ್ಲ," ಎಂದಳು ಶ್ರಾವ್ಯ. "ಸಿಟ್ಟ್ ಬತ್ತ್."

"ಬರ್ಲಿ."

ಬಸ್ಸು ಬಂತು. ಶ್ರಾವ್ಯ ಪುಸ್ತಕದ ಕೊನೆಯ ಹಾಳೆಯಲ್ಲಿ ತಾರೀಕು ಬರೆದುಕೊಂಡು ತರಗತಿಗೆ ಹೋದಳು.